ಶಾಲೆಗೆ ಮಕ್ಕಳನ್ನು ಕೇಳಲು ಹೋದದ್ದು

ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೆ ಹೊರಳಿದ ಮಾನ್ವಿಯ ನಮ್ಮ ಹಳೆಯ ಶಾಲೆಯಲ್ಲಿ ಏಳೇ ಮಕ್ಕಳು ಉಳಿದಿದ್ದರು. ಜೂನಿನಲ್ಲಿ ಇನ್ನಷ್ಟು ಮಕ್ಕಳು ಸೇರದಿದ್ದರೆ ಬೀಗ ಬೀಳುತ್ತದೆ ಎಂದರು ಹೆಡ್‌ಮಾಸ್ತರರು. ಮನೆಮನೆಗೆ ಹೋಗಿ ಕೇಳುವ ಕೆಲಸ ನಾನೇ ಹೊತ್ತೆ. ಹತ್ತಿ ದಲಾಲಿಯಲ್ಲಿ ಮೇಲೆ ಬಂದವನು ನಾನು. ನಿಮಗೂ ಹೇಳುತ್ತೇನೆ, ಮಾತು ಕುದುರಬೇಕೆಂದರೆ ಮೊದಲು ಅವರ ಮನೆಯ ಚಹಾ ಕುಡಿಯಬೇಕು.

ಹಾಗೆಯೇ ನಮ್ಮ ಓಣಿಯ ಒಬ್ಬ ತಾಯಿಯ ಮನೆಯಲ್ಲಿ ಚಹಾ ಕುಡಿದು ಹೇಳಿದೆ: “ಯವ್ವಾ, ಬಿಸಿಯೂಟ ಅದ, ಹಾಲು ಅದ, ಬೂಟು ನಾ ಕೊಡಸ್ತೀನಿ. ಮಗಳ್ನ ನಮ್ಮ ಸಾಲಿಗೆ ಹಚ್ಚು.”

“ಅಷ್ಟು ಚಲೋ ಇದ್ರ, ನಿಮ್ಮ ಮೊಮ್ಮಕ್ಕಳು ಇಂಗ್ಲಿಷ್ ಸಾಲಿ ವ್ಯಾನ್ ಯಾಕ ಹತ್ತತಾವ್ರೀ ಯಪ್ಪಾ?” ಎಂದು ಆಕೆ ನಕ್ಕಳು.

ಮೊಮ್ಮಕ್ಕಳನ್ನು ಅಲ್ಲಿಗೆ ಸೇರಿಸಿದ್ದು ನಾನೇ. ಬಿಡಿಸೋಣವೇ ಎಂದು ಸಂಜೆ ಮಗನನ್ನು ಕೇಳಿದೆ. ಅವನು ಮುಂದಿನ ವರ್ಷದ ಫೀಸು ಕಟ್ಟಿದ ರಸೀದಿ ತಂದು ತೋರಿಸಿದ. ಜೂನಿನಲ್ಲಿ ಹೆಡ್‌ಮಾಸ್ತರರು ಆ ಏಳು ಮಕ್ಕಳ ಟಿ.ಸಿ. ಬರೆಯುವಾಗ ನಾನು ಪಕ್ಕದಲ್ಲಿ ಕೂತಿದ್ದೆ.