ಹಡಗ ನೀರಾಗೈತಿ

ವುಡ್‌ಬ್ರಿಡ್ಜ್‌ನ ನಮ್ಮ ಬೀದಿಯಲ್ಲಿರುವ ದಾನವ್ವ ಆಂಟಿ ಬೈಲಹೊಂಗಲದ ಕಡೆಯವರು. ಮಗಳ ಮನೆಯ ಬೇಸ್‌ಮೆಂಟಿನಲ್ಲಿ ಗಂಡನ ಜೊತೆ ಇದ್ದಾರೆ. ನಾನು ಆಫೀಸಿಗೆ ಹೋದಾಗ ನನ್ನ ಮಗಳು ನಿಧಿಯನ್ನು ನೋಡಿಕೊಳ್ಳುವವರು ಅವರೇ. ಮಗು ಒಮ್ಮೆ ಕೆಮ್ಮಿತೆಂದರೆ ನಾನು ಮೇಲಿಂದ ಮೇಲೆ ಫೋನು ಮಾಡುತ್ತೇನೆ. ಆಂಟಿ ಒಂದು ದಿನವೂ ಬೇಸರಪಟ್ಟವರಲ್ಲ. ಸಿಟ್ಟೇ ಬಾರದ ಹೆಂಗಸು ಎನ್ನಬಹುದಿತ್ತು, ಹಡಗಿನ ವಿಷಯವೊಂದನ್ನು ಬಿಟ್ಟರೆ.

ಅವರ ಗಂಡ ಚನ್ನವೀರಪ್ಪ ಅಂಕಲ್ ನೌಕಾಪಡೆಯಲ್ಲಿದ್ದವರು, ವಿಮಾನಗಳನ್ನು ಹೊರುವ ದೊಡ್ಡ ಹಡಗಿನಲ್ಲಿ. ಆಂಟಿ ಮೊದಲ ಮಗುವನ್ನು ಹೆತ್ತಾಗ ಅವರು ಊರಿಗೆ ಬರಲಿಲ್ಲ. ಆ ಮಗು ತೀರಿಕೊಂಡಾಗಲೂ ಬರಲಿಲ್ಲ. ಎರಡೂ ಸಲ ‘ಹಡಗ ನೀರಾಗೈತಿ’ ಎಂದು ಹೇಳಿಕಳಿಸಿದ್ದರಂತೆ. “ನಾ ಹಡ್ಯೂಮುಂದ ಅವ್ರು ಹಡಗದಾಗ” ಎಂದು ಆಂಟಿ ಎಷ್ಟು ಸಲ ಹೇಳಿದ್ದಾರೋ. ಶಾಪವೆಲ್ಲ ಹಡಗಿಗೆ. ಗಂಡನಿಗೆ ಒಂದು ಮಾತಿಲ್ಲ. ಸಮುದ್ರದ ನಡುವೆ ಇದ್ದವರು ಹೇಗೆ ಬಂದಾರು?

ಈ ಬೇಸಿಗೆಯ ಲಾಂಗ್ ವೀಕೆಂಡಿನಲ್ಲಿ ನನ್ನ ಗಂಡ ಧೀರಜ್ ನಮ್ಮೆಲ್ಲರನ್ನೂ ನ್ಯೂಯಾರ್ಕಿಗೆ ಕರೆದೊಯ್ದ. ಅಲ್ಲಿ ಅಂಥದ್ದೇ ಹಳೆಯ ಹಡಗೊಂದನ್ನು ಮ್ಯೂಸಿಯಂ ಮಾಡಿ ದಡಕ್ಕೆ ನಿಲ್ಲಿಸಿದ್ದಾರೆ.

“ಬಾ, ಸಾಯೂದ್ರೊಳಗ ಒಮ್ಮೆ ನಿನ್ನ ಸವತಿನ್ನ ನೋಡು,” ಎಂದರು ಅಂಕಲ್.

“ನಡೀರಿ, ಏನ್ ಮಾಟ ಮಾಡಿದ್ಲೋ ನೋಡೇಬಿಡ್ತೀನಿ,” ಎಂದರು ಆಂಟಿ.

ಒಳಗೆಲ್ಲ ಕಡಿದಾದ ಕಬ್ಬಿಣದ ಮೆಟ್ಟಿಲು. ನಾನು ನಿಧಿಯ ಕೈ ಬಿಡಲೇ ಇಲ್ಲ. ಮೇಲೆ, ಸಾಲಾಗಿ ನಿಂತ ವಿಮಾನಗಳ ನಡುವೆ ಅಂಕಲ್‌ಗೆ ಹುರುಪು ಬಂತು.

“ನಿಧಿ, ನಿಮ್ಮಜ್ಜ ಇಂಥಾ ಡೆಕ್ ಮ್ಯಾಲ ಹಾಕಿ ಆಡ್ಯಾನ, ಗೊತ್ತೈತೇನು?”

“ಡಿಡ್ ದ ಬಾಲ್ ಫಾಲ್ ಇನ್ ದ ಸೀ?”

“ಎಲ್ಲೀ ಸೀ? ಮಾಸ್ಕೋದಾಗ ನಮ್ಮವರು ಹಾಕಿಯೊಳಗ ಬಂಗಾರ ಗೆದ್ರಲ್ಲ, ಆ ಮಳಿಗಾಲ ಪೂರಾ ಹಡಗ ಮುಂಬೈದಾಗ ರಿಪೇರಿಗೆ ನಿಂತಿತ್ತು. ಬರೇ ಆಟ, ಸಿನಿಮಾ.”

ದಾನವ್ವ ಆಂಟಿ ಅಲ್ಲೇ ನಿಂತರು.

“ಆ ಬಂಗಾರಕ್ಕ ನಮ್ಮಣ್ಣ ಪೇಡೆ ತಂದಿದ್ದ. ನನ್ನ ತೊಟ್ಲ ಖಾಲಿ ಆಗಿ ವಾರ ಆಗಿದ್ದಿಲ್ಲ. ಮುಂಬೈದಾಗಿದ್ದಿ ನೀ?”

‘ರೀ’ ಬಿಟ್ಟು ಅವರು ಗಂಡನನ್ನು ಮಾತಾಡಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ರಜಾ…” ಎಂದರು ಅಂಕಲ್.

“ರಜಾ ಕೇಳಿದ್ದಿ ಏನು ನೀ?”

ಅಂಕಲ್ ವಿಮಾನದ ರೆಕ್ಕೆ ನೋಡಿದರು. “ಸಣ್ಣಾಂವ ಇದ್ದೆ. ಕೂಸಿನ ಮಾರಿ ನೋಡಾಕ ಅಂಜಿಕಿ ಬಂತು.”

“ನನಗ ಬರಲಿಲ್ಲೇನು?”

“ಬಿಡಿ ಆಂಟಿ, ಎಷ್ಟು ಹಳೇ ಮಾತು,” ಎಂದ ಧೀರಜ್. ನಾನು ಅವನತ್ತ ತಿರುಗಿದೆ.

“ನಿಧಿ ಹುಟ್ಟಿದಾಗ ನೀನು ಬಂದಿರದಿದ್ರೆ ನಾನು ಎಷ್ಟು ವರ್ಷಕ್ಕೆ ಆ ಮಾತು ಬಿಡಬೇಕಿತ್ತು, ಹೇಳು.”

ವುಡ್‌ಬ್ರಿಡ್ಜ್ ಮುಟ್ಟುವವರೆಗೂ ಕಾರಿನಲ್ಲಿ ನಿಧಿಯದೊಂದೇ ಮಾತು.

ಮರುದಿನ ಆಂಟಿ ಎಂದಿನಂತೆ ಬಂದರು, ಆದರೆ ತಮ್ಮ ಬಟ್ಟೆಬರೆ ತುಂಬಿದ ಚೀಲ ಹಿಡಿದು. ಅದನ್ನು ನಿಧಿಯ ರೂಮಿನಲ್ಲಿಟ್ಟರು.

ಸಂಜೆ ಬೆಲ್ ಆಯಿತು. ಅಂಕಲ್, ಮನೆಯೊಳಗಿನ ಚಪ್ಪಲಿಯಲ್ಲೇ ಬಂದುಬಿಟ್ಟಿದ್ದರು.

“ಆಕಿನ್ನ ಸ್ವಲ್ಪ ಕರಿಯವಾ ತಂಗಿ. ಮುಂಜಾನಿಂದ ಉಂಡಿಲ್ಲ ನಾ.”

ಅಡುಗೆಮನೆಯಲ್ಲಿ ಆಂಟಿ ನಿಧಿಗೆಂದು ರೊಟ್ಟಿ ಮುರಿದು ಹಾಲಿನಲ್ಲಿ ಕಲಸುತ್ತಿದ್ದರು. ತಲೆ ಎತ್ತಲಿಲ್ಲ.

“ಹಡಗ ನೀರಾಗೈತಿ ಅಂತ ಹೇಳವಾ.”

ನಾನು ಬಾಗಿಲಿಗೆ ಹೋಗಿ, ಒಂದಕ್ಷರವೂ ಬದಲಿಸದೆ, ಹಾಗೆಯೇ ಹೇಳಿದೆ.