ಹಿಕ್ಸ್‌ವಿಲ್ ಗೆದ್ದ ಕೊನೆಯ ಫೈನಲ್

ಆಗತಾನೇ ಕತ್ತರಿಸಿದ ಹುಲ್ಲಿನ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ಕಳೆದ ಭಾನುವಾರ ಹಿಕ್ಸ್‌ವಿಲ್‌ನ ಪಾರ್ಕಿನಲ್ಲಿ ಕಾರಿನ ಬಾಗಿಲು ತೆರೆದಾಗ ನನಗೆ ರಫೀಕ್ ನೆನಪಾದ. ಪಕ್ಕದಲ್ಲಿ ಅವನ ಹೆಂಡತಿ ಶಾಹಿದಾ ಕೂತಿದ್ದರು.

ರಫೀಕ್ ಮೈಸೂರಿನವನು, ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ನನ್ನ ನೆರೆಯವನು. ಆಸ್ಟ್ರೇಲಿಯನ್ ಫುಟ್‌ಬಾಲಿಗೆ ನನ್ನನ್ನು ಎಳೆದವನು ಅವನೇ. ಚೆಂಡು ಮೊಟ್ಟೆಯ ಆಕಾರ. ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು. ನಾನು ಹೆಚ್ಚಾಗಿ ಚೆಂಡಿಲ್ಲದ ಕಡೆಗೇ ಓಡುತ್ತಿದ್ದೆ. ಮ್ಯಾನ್‌ಹಟನ್ನಿನಲ್ಲಿ ಕೆಲಸಕ್ಕಿದ್ದ ಕೆಲವು ಆಸ್ಟ್ರೇಲಿಯನ್ನರು ಊರಿನ ಹಂಬಲಕ್ಕೆ ಕಟ್ಟಿಕೊಂಡ ಲೀಗ್ ಅದು. ಜನ ಸಾಲದೆ, ಕ್ರಿಕೆಟ್ ಆಡಿಕೊಂಡಿದ್ದ ನಮ್ಮನ್ನೂ ಸೇರಿಸಿಕೊಂಡರು. ಮ್ಯಾನ್‌ಹಟನ್, ಹಿಕ್ಸ್‌ವಿಲ್, ನಮ್ಮ ಸಮರ್‌ಸೆಟ್ ಎಂದು ಮೂರು ತಂಡ. ವೀಸಾ ಮುಗಿದವರು ಮರಳಿದರು, ಮಕ್ಕಳಾದವರಿಗೆ ಭಾನುವಾರಗಳು ಉಳಿಯಲಿಲ್ಲ. ಮೊದಲು ಮ್ಯಾನ್‌ಹಟನ್ ತಂಡ ಕರಗಿತು. ಉಳಿದ ನಾವೆರಡು ತಂಡಗಳು ಬೇಸಿಗೆಯಿಡೀ ನಮ್ಮನಮ್ಮಲ್ಲೇ ಆಡಿ, ಕೊನೆಗೆ ಫೈನಲ್ ಎಂದು ಅದನ್ನೇ ಇನ್ನೊಮ್ಮೆ ಆಡುತ್ತಿದ್ದೆವು.

ಗೋಲ್ ಕಂಬಗಳ ಬಳಿ ನಿಂತು ತೀರ್ಪು ಕೊಡುತ್ತಿದ್ದವರು ಶಾಹಿದಾ. ಗೋಲಾದರೆ ಎರಡು ಬಾವುಟ, ಆರು ಅಂಕ. ಚೆಂಡು ಕಂಬಕ್ಕೆ ತಾಗಿದರೆ, ಆಮೇಲೆ ಒಳಗೆ ಹೋದರೂ, ಒಂದು ಬಾವುಟ, ಒಂದೇ ಅಂಕ. ನಮ್ಮ ನಾಯಕ ರಫೀಕನ ಹೆಂಡತಿಯೆಂದು ಹಿಕ್ಸ್‌ವಿಲ್‌ನವರು ಒಮ್ಮೆಯೂ ತಕರಾರೆತ್ತಲಿಲ್ಲ.

ಕೊನೆಯ ಫೈನಲ್‌ನಲ್ಲಿ ನಾವು ನಾಲ್ಕು ಅಂಕ ಹಿಂದಿದ್ದೆವು. ಆಟ ಮುಗಿಯುವ ಹೊತ್ತಿಗೆ ರಫೀಕ್ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ನಾವು ಕುಣಿಯತೊಡಗಿದೆವು. ಶಾಹಿದಾ ಒಂದೇ ಬಾವುಟ ಎತ್ತಿದರು. ನಾನು ಕೂಗಾಡಿದೆ. ರಫೀಕ್ ಹೋಗಿ ಹಿಕ್ಸ್‌ವಿಲ್ ನಾಯಕನ ಕೈ ಕುಲುಕಿದ.

ಮೂವರೂ ಒಂದೇ ಕಾರಿನಲ್ಲಿ ಹಿಂದಿರುಗಿದೆವು. ತಮ್ಮಲ್ಲೇ ಉರ್ದು ಆಡುವ ಅವರಿಬ್ಬರೂ ನಾನಿದ್ದಾಗ ಕನ್ನಡಕ್ಕೆ ಬರುತ್ತಿದ್ದರು.

“ಪೋಸ್ಟಿಗೆ ತಾಗಿದ ಸೌಂಡ್ ಕೇಳಿಸ್ತಾ ನಿಂಗೆ?” ಎಂದು ರಫೀಕ್ ಹೆಂಡತಿಯನ್ನು ಕೇಳಿದ.

“ಕೇಳಿಸ್ತು.”

“ನಂಗೂ ಕೇಳಿಸ್ತು.”

ನನಗಂತೂ ಕೇಳಿಸಿರಲಿಲ್ಲ. ಹೆಂಡತಿಯ ಮಾತು ಉಳಿಸಲು ಹಾಗೆಂದ ಎಂದೇ ನಂಬಿಕೊಂಡೆ.

ಆ ಚಳಿಗಾಲದಲ್ಲಿ ರಫೀಕ್ ಹೃದಯಾಘಾತದಿಂದ ತೀರಿಕೊಂಡ. ಹಿಕ್ಸ್‌ವಿಲ್ ತಂಡದವರೆಲ್ಲ ದಫನಿಗೆ ಬಂದು, ಸಾಲಿನಲ್ಲಿ ನಿಂತು ಮಣ್ಣು ಹಾಕಿದರು. ವಸಂತ ಬಂದಾಗ ಯಾರೂ ಯಾರಿಗೂ ಫೋನ್ ಮಾಡಲಿಲ್ಲ. ಲೀಗ್ ನಿಂತದ್ದು ಹಾಗೆ. ನಿಂತಿತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಈಗ ಹಿಕ್ಸ್‌ವಿಲ್‌ನ ಹೊಸಬರು ಮತ್ತೆ ಶುರುಮಾಡಿದ್ದಾರೆ. “ಗೋಲ್ ಅಂಪೈರ್ ಬೇಕಂತೆ. ಒಬ್ಳೇ ಅಷ್ಟು ದೂರ ಡ್ರೈವ್ ಮಾಡೋಕೆ ಮನಸ್ಸಾಗ್ತಿಲ್ಲ, ನೀವು ಬರ್ತೀರಾ?” ಎಂದು ಶಾಹಿದಾ ಕೇಳಿದ್ದರು.

ಹೊಸ ತಂಡದ ನಾಯಕ, ತುಮಕೂರಿನವರೊಬ್ಬರ ಮಗ, ನಮ್ಮನ್ನು ಎದುರುಗೊಂಡು ಇಂಗ್ಲಿಷಿನಲ್ಲಿ ವಿಚಾರಿಸಿದ: ಆಂಟಿ, ಹಿಂದೆ ಲೀಗ್ ಇದ್ದಾಗ ಕೊನೆಯ ಸಲ ಗೆದ್ದವರು ಯಾರು?

ನಾನು ಬಾಯಿ ತೆರೆದೆ. ಆ ಗೋಲು ನಮ್ಮದೆಂಬ ವಾದ ಇಷ್ಟು ವರ್ಷ ಒಳಗೇ ಕೂತಿತ್ತು.

“ಹಿಕ್ಸ್‌ವಿಲ್,” ಎಂದರು ಶಾಹಿದಾ. “ಮೂರು ಪಾಯಿಂಟಲ್ಲಿ. ಲಾಸ್ಟ್ ಕಿಕ್ ನಮ್ಮ ಯಜಮಾನ್ರದ್ದು. ಪೋಸ್ಟಿಗೆ ತಾಗ್ತು.”

ರಫೀಕನ ಕೊನೆಯ ಒದೆತವನ್ನು ಗೋಲೆಂದು ಹೇಳಿಕೊಳ್ಳಲು ಈ ಲೋಕದಲ್ಲಿ ಯಾರಿಗಾದರೂ ಆಸೆಯಿದ್ದರೆ ಅದು ಈಕೆಗೆ. ನಾನು ಬಾಯಿ ಮುಚ್ಚಿದೆ. ನಾವು ಸೋತಿದ್ದೆವು. ಅದನ್ನು ಅಂದು ಮೊದಲ ಸಲ ಒಪ್ಪಿಕೊಂಡು, ಅವರ ಹಿಂದೆ ಮೈದಾನಕ್ಕೆ ನಡೆದೆ.