ಕೆಂಪು ನೆಲದ ಮೇಲೆ ಹಗ್ಗದ ಗುರುತು

ಹೋದ ತಿಂಗಳು ಗೋಡೆಗೆ ಹೊಡೆಯುವ ಮೊಳೆ ಬೇಕಾಗಿ ನಾಗಸಂದ್ರದ ಮೆಟ್ರೋ ನಿಲ್ದಾಣದ ಹಿಂದಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಇನ್ಯಾರಿಗೋ ಮೂಟೆಯಿಂದ ರೆಡ್ ಆಕ್ಸೈಡ್ ಪುಡಿಯನ್ನು ಮೊಗೆದು ತೂಗುತ್ತಿದ್ದ. ತಟ್ಟೆಗೆ ಪುಡಿ ಬಿದ್ದಾಗ ಎದ್ದ ಕೆಂಪು ಧೂಳು ನನ್ನ ಗಂಟಲಿಗೆ ಇಳಿಯಿತು. ಅದಕ್ಕೆ ಅಂಥ ವಾಸನೆಯೇನೂ ಇಲ್ಲ ಅನ್ನುತ್ತಾರೆ. ನನಗೆ ಮಾತ್ರ ಅದು ಮಳೆಗೆ ನೆನೆದ ಕಬ್ಬಿಣದ ವಾಸನೆ. ಅದರ ಬೆನ್ನಿಗೇ ಕೊಬ್ಬರಿ ಎಣ್ಣೆಯ, ಒದ್ದೆ ಗೋಣಿಚೀಲದ, ಅಪ್ಪನ ಬೆವರಿನ ವಾಸನೆ. "ಮೇಡಂ, ಎಷ್ಟ್ ಇಂಚಿಂದು ಬೇಕು?" ಎಂದು ಅವನು ಎರಡು ಸಲ ಕೇಳಿದನಂತೆ. ನಾನು ಆಗಲೇ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಮೊಣಕಾಲೂರಿ ಕೂತಾಗಿತ್ತು.

ಆ ಮನೆ ಅಲ್ಲಿಂದ ಕೂಗಳತೆಯಲ್ಲೇ ಇತ್ತು. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು. ತಲೆಬಾಗಿಲು ದಾಟಿದರೆ ಬಲಕ್ಕೆ ದನ ಕಟ್ಟುವ ಜಾಗ, ಎಡಕ್ಕೆ ನಡುಮನೆ, ನಡುಮನೆಯಲ್ಲೊಂದು ಮರದ ಕಂಬ, ಅದರಾಚೆ ಅಡುಗೆಮನೆ, ಅಡುಗೆಮನೆಯ ಮಗ್ಗುಲಿಗೆ ಹಿತ್ತಿಲ ಬಾಗಿಲು. ಅಪ್ಪನ ತಾಯಿ, ನಮ್ಮಜ್ಜಿ, ಮದುವೆಯಾಗಿ ಬಂದ ದಿನದಿಂದ ಅಲ್ಲೇ ಇದ್ದವಳು. ನಾನು ಹುಟ್ಟುವ ಹೊತ್ತಿಗೆ ಅವಳ ಎರಡೂ ಕಣ್ಣು ಹೋಗಿದ್ದವು. ಪೇಟೆಯ ಆಸ್ಪತ್ರೆಯಲ್ಲಿ ನೋಡಿ, ಇನ್ನು ಆಗಲ್ಲ ಅಂದಿದ್ದರಂತೆ. ಆದರೆ ನಮ್ಮ ಮನೆಗೆ ಬಂದ ಹೊಸಬರಿಗೆ ಅದು ಬೇಗ ತಿಳಿಯುತ್ತಲೇ ಇರಲಿಲ್ಲ. ಅಜ್ಜಿ ಚಾಪೆಯಿಂದೆದ್ದು ನೇರವಾಗಿ ಹಸುವಿನ ಹತ್ತಿರ ಹೋಗಿ ಹಾಲು ಕರೆಯುತ್ತಿದ್ದಳು, ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು, ಹಿತ್ತಿಲಿಗೆ ಹೋಗಿ ತಾನೇ ನೀರು ಮೊಗೆದುಕೊಂಡು ಕಾಲು ತೊಳೆದು ಬರುತ್ತಿದ್ದಳು. ಹೇಗೆ ತಿಳಿಯುತ್ತೆ ಅಜ್ಜಿ ಅಂತ ಒಂದು ಸಲ ಕೇಳಿದ್ದೆ. "ನೆಲಾನೇ ಏಳ್ಕೊಡ್ತದಲ್ಲ ಮಗ," ಅಂದಿದ್ದಳು. ಸಗಣಿ ಸಾರಿಸಿದ ಆ ಮಣ್ಣು ನೆಲದಲ್ಲಿ ಕಂಬದ ಪಕ್ಕ ಒಂದು ತಗ್ಗು, ಒಲೆಯ ಮುಂದೆ ಒರಳುಕಲ್ಲಿನ ಸುತ್ತ ಒಂದು ಉಬ್ಬು, ಹಿತ್ತಿಲ ಬಾಗಿಲ ಹತ್ತಿರ ಮಳೆಗಾಲದಲ್ಲಿ ಕೊರೆದು ಮತ್ತೆ ಮೆತ್ತಿದ ಒರಟು ಜಾಗ ಇದ್ದವು. ನಮಗೆ ಅವೆಲ್ಲ ಎಡವುವ ಜಾಗಗಳು, ಅಷ್ಟೆ.

ಅದು ಎಪ್ಪತ್ತರ ದಶಕದ ಕೊನೆ, ನನಗೆ ಒಂಬತ್ತು ವರ್ಷ. ಪೀಣ್ಯದ ಕಡೆ ನಮ್ಮ ಹೊಲದ ಬಹುಪಾಲು ಕಾರ್ಖಾನೆಗಳಿಗೆ ಹೋಗಿ, ಅಪ್ಪನಿಗೆ ನೀರಿನ ಪಂಪು ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅಂತ ಇದ್ದ ರೈತ, ಎರಡು ವರ್ಷದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಫಿಟ್ಟರ್ ಆಗಿಬಿಟ್ಟ. ಭಾನುವಾರ ಬಂತೆಂದರೆ ಮನೆಯೊಳಗೆ ಏನಾದರೊಂದು ರಿಪೇರಿ. ಕಿರುಗುಟ್ಟುವ ಬಾಗಿಲಿನ ತಿರುಗಣೆಗೆ ಹಿತ್ತಾಳೆಯ ಬಿಲ್ಲೆ ಕೂರಿಸಿದ. ಹೆಂಚು ಸರಿಸಿ ಅಡುಗೆಮನೆಗೆ ಗಾಜಿನ ಬೆಳಕಿಂಡಿ ಇಟ್ಟ. ನನ್ನ ಪುಸ್ತಕಕ್ಕೆ ಗೋಡೆಯಲ್ಲೊಂದು ಗೂಡು ಕೊರೆದ. ಒಂದು ದಿನ ರಸಮಟ್ಟ ತಂದ. ಮರದ ಪಟ್ಟಿಯ ನಡುವೆ ಗಾಜಿನ ಕೊಳವೆ, ಅದರೊಳಗೆ ಹಸಿರು ನೀರಿನಲ್ಲಿ ಓಡಾಡುವ ಗಾಳಿಯ ಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತರೆ ಜಾಗ ಸಮ. ಅಪ್ಪ ಅದನ್ನು ಹೊಸಿಲ ಮೇಲೆ, ಜಗಲಿಯ ಮೇಲೆ, ನೆಲದ ಮೇಲೆಲ್ಲ ಇಟ್ಟು ನೋಡಿದ. ಗುಳ್ಳೆ ಎಲ್ಲೂ ನಡುವೆ ನಿಲ್ಲಲಿಲ್ಲ. "ನಮ್ಮನೇಲಿ ಒಂದ್ ಜಾಗಾನೂ ನೆಟ್ಟಗಿಲ್ಲ ಕಣೇ!" ಎಂದು ಅಮ್ಮನ ಕಡೆ ತಿರುಗಿ ಮನಸಾರೆ ನಕ್ಕ.

ನೆಲಕ್ಕೆ ಕೆಂಪು ಗಾರೆ ಹಾಕಬೇಕೆನ್ನುವುದು ಅಮ್ಮನ ಆಸೆಯಾಗಿತ್ತು. ವಾರಕ್ಕೆರಡು ಸಲ ಬಗ್ಗಿ ಇಡೀ ಮನೆ ಸಾರಿಸಿ ಅವಳ ಸೊಂಟ ಹಿಡಿದುಕೊಂಡುಬಿಡುತ್ತಿತ್ತು. ಎದ್ದು ನಿಲ್ಲುವಾಗ ಕಂಬ ಹಿಡಿದು, ಹಲ್ಲು ಕಚ್ಚಿ, ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದಳು. ಮಣ್ಣು ನೆಲವೇ ಲಕ್ಷಣ ಅಂತ ಅಜ್ಜಿ ಅಡ್ಡ ಬರಬಹುದೆಂದು ಅಪ್ಪ ಹೆದರಿದ್ದ. ಅಜ್ಜಿ ಅವನನ್ನೇ ಗದರಿಸಿದಳು. "ಮಾಡ್ಲಾ. ಕೇಳಾದೇನೈತೆ? ನನ್ ನಡ ಓದಂಗೆ ಇವಳ್ದೂ ಓಗ್ಬೇಕಾ?"

ಕಾರ್ಖಾನೆಯ ಷೆಡ್ಡು ಕಟ್ಟುತ್ತಿದ್ದ ಗಾರೆ ಕೆಲಸದ ಇಬ್ರಾಹಿಂ ಸಾಬರು ಮೊದಲ ಭಾನುವಾರ ಬಂದು ಅಪ್ಪನಿಗೆ ತೋರಿಸಿಕೊಟ್ಟರು. ಕೆಲಸಕ್ಕೆ ಕೈ ಹಾಕಲಿಲ್ಲ, ಜಗಲಿಯ ಮೇಲೆ ಕೂತು ಬೀಡಿ ಸೇದುತ್ತ ಹೇಳುತ್ತಿದ್ದರು. "ಚನ್ನಣ್ಣ, ನೆಲಕ್ಕೆ ಜಲ್ದಿ ಮಾಡಬಾರ್ದು. ಅದು ಹೊಟ್ಟೆ ತುಂಬ ನೀರು ಕುಡೀಬೇಕು." ಹತ್ತು ಹನ್ನೆರಡು ದಿನ ನಾವು ದನದ ಪಕ್ಕದಲ್ಲೇ ಅಡುಗೆ, ಊಟ, ನಿದ್ದೆ. ಅಪ್ಪ ರಜೆ ಹಾಕಿ ಹಳೆಯ ನೆಲ ಅಗೆದ, ಒರಳುಕಲ್ಲನ್ನು ಕಿತ್ತು ಹಿತ್ತಿಲಿಗೆ ಉರುಳಿಸಿದ, ಜಲ್ಲಿ ಹಾಸಿ ದಮ್ಮಸ್ಸು ಬಡಿದು ಗಟ್ಟಿ ಮಾಡಿದ. ಅದರ ಮೇಲೆ ಸಿಮೆಂಟು ಗಾರೆ, ಅದರ ಮೇಲೆ ಕೆಂಪು ಪುಡಿ ಬೆರೆಸಿದ ತೆಳುವಾದ ಇನ್ನೊಂದು ಪದರ. ಹಿಂದಕ್ಕೆ ಹಿಂದಕ್ಕೆ ಕುಕ್ಕರಗಾಲಿನಲ್ಲಿ ಸರಿಯುತ್ತ ಕರಣೆಯಿಂದ ಒಂದೇ ಹದದಲ್ಲಿ ತೀಡುತ್ತಿದ್ದ ಅವನ ಕೈಯನ್ನು ನೋಡುತ್ತ ನಾನು ಶಾಲೆ ಮರೆಯುತ್ತಿದ್ದೆ. ಆ ಕರಣೆಯ ಸದ್ದು, ಬೆಕ್ಕು ನಾಲಗೆಯಿಂದ ಪಾತ್ರೆ ನೆಕ್ಕುವಂಥದ್ದು, ಇವತ್ತಿಗೂ ನನಗೆ ನೆಮ್ಮದಿಯ ಸದ್ದು. ಆಮೇಲೆ ಗೋಣಿಚೀಲ ಹಾಸಿ ವಾರವಿಡೀ ನೀರು ಬಿಟ್ಟೆವು. ಕಡೆಗೆ ಅಮ್ಮ, ನಾನು ಹಳೆಯ ಸೀರೆಯ ಚೂರಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿಕೊಂಡು ತಿಕ್ಕಿದೆವು. ಬೆಳಕಿಂಡಿಯ ಬಿಸಿಲು ಬಿದ್ದರೆ ನೆಲ ಮಾಗಿದ ಹಣ್ಣಿನ ಹಾಗೆ ಹೊಳೆಯುತ್ತಿತ್ತು. ಅಪ್ಪ ರಸಮಟ್ಟ ಇಟ್ಟ. ಗುಳ್ಳೆ ನಡುವೆ ನಿಂತಿತು. ನಾಲ್ಕು ಮೂಲೆಯಲ್ಲೂ ನಿಂತಿತು. ಅಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು.

ಅಜ್ಜಿಯನ್ನು ಕರೆದುಕೊಂಡು ಬಂದೆವು. ಹೊಸಿಲು ದಾಟಿ ಕಾಲಿಟ್ಟಳು, ನಾಲ್ಕು ಹೆಜ್ಜೆ ನಡೆದಳು, ನಿಂತಳು. ಕಾಲಿನಿಂದ ಅತ್ತ ಇತ್ತ ಸವರಿದಳು. ಇನ್ನೆರಡು ಹೆಜ್ಜೆ ಇಟ್ಟು ಮತ್ತೆ ನಿಂತಳು. ನಾವೆಲ್ಲ ಅವಳು ಏನಂತಾಳೋ ಎಂದು ಕಾಯುತ್ತಿದ್ದೆವು. "ಚೆನ್ನಾಗೈತೆ ಕಣ್ ಮಗ. ಕಾಲ್ಗೆ ತಣ್ಣಗೈತೆ," ಅಂದಳು. ಅಪ್ಪನ ಮುಖ ಅರಳಿತು. ಅವಳು ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದು ನನಗೆ ಮಾತ್ರ ಗೊತ್ತಿತ್ತು.

ಅವತ್ತಿನಿಂದ ಅಜ್ಜಿ ಚಾಪೆ ಬಿಟ್ಟು ಏಳುವುದು ಕಡಿಮೆಯಾಯಿತು. ಹಾಲನ್ನು ಅಮ್ಮನೇ ಕರೆದಳು, ಮುದ್ದೆಯನ್ನು ಅಮ್ಮನೇ ತಿರುವಿದಳು. ವಯಸ್ಸಾಯಿತಲ್ಲ, ಕೂತಿರಲಿ ಬಿಡು ಅಂದುಕೊಂಡರು. ನಾನಿದ್ದಾಗ ನನ್ನ ಭುಜ ಹಿಡಿದು ಹಿತ್ತಿಲಿಗೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ಉಳಿದಿದ್ದ ತುಂಡು ಹೊಲದಲ್ಲಿ ಅವರೆ ಬಿಡಿಸಲು ಹೋಗಿದ್ದಳು. ನಾನು ಶಾಲೆಯಿಂದ ಬಂದಾಗ ಅಜ್ಜಿ ನಡುಮನೆಯ ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಎರಡು ಅಂಗೈಗಳನ್ನೂ ಗೋಡೆಗೆ ಒತ್ತಿ ನಿಂತಿದ್ದಳು. ಸೀರೆ ಒದ್ದೆಯಾಗಿತ್ತು. ಕಾಲ ಸುತ್ತ ನೆಲವೂ ಒದ್ದೆಯಾಗಿತ್ತು. ಹಿತ್ತಿಲ ಬಾಗಿಲು ಹುಡುಕಿ ಹುಡುಕಿ ಸಿಕ್ಕದೆ ಅಲ್ಲಿ ಬಂದು ನಿಂತಿದ್ದಾಳೆಂದು ನನಗೆ ತಿಳಿಯಲು ತುಸು ಹೊತ್ತೇ ಹಿಡಿಯಿತು. ನನ್ನ ಹೆಜ್ಜೆಯ ಸದ್ದಿಗೆ ಅವಳು ತಿರುಗಲಿಲ್ಲ. "ಯಾರು, ಗಿರ್ಜಿಯಾ?" ಅಂದಳು. ನಾನು ನೀರು ತಂದು ನೆಲ ತೊಳೆದೆ, ಸೀರೆ ಬದಲಿಸಿಕೊಳ್ಳಲು ಕೊಟ್ಟೆ. ಕುಳಿತ ಮೇಲೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಯಾರ್ಗೂ ಏಳ್ಬ್ಯಾಡ ಕಣ್ ಮಗ. ನಿಮ್ಮಪ್ಪಂಗಂತೂ ಏಳ್ಲೇಬ್ಯಾಡ. ಎಷ್ಟ್ ಆಸೆಯಿಂದ ಮಾಡವ್ನೆ." ನಾನು ಆಣೆಯಿಟ್ಟೆ.

ಆ ಆಣೆಯನ್ನು ನಾಲ್ಕು ದಿನ ಹೊತ್ತುಕೊಂಡು ತಿರುಗಿದೆ. ಶನಿವಾರ ಸಂಜೆ ಅಪ್ಪ ಹೊಸಿಲ ಅಂಚನ್ನು ಉಪ್ಪುಕಾಗದದಿಂದ ನಯ ಮಾಡುತ್ತ ಕೂತಿದ್ದಾಗ, ಅಮ್ಮ ನೀರಿಗೆ ಹೋಗಿದ್ದ ಸಮಯ ನೋಡಿ, ಹೇಳಿಬಿಟ್ಟೆ. ಅಪ್ಪ ಕಾಗದ ಕೆಳಗಿಟ್ಟ. ಅಜ್ಜಿ ಹೊರಗೆ ಜಗಲಿಯಲ್ಲಿದ್ದಳು. ಅವನು ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಕಟ್ಟಿಕೊಂಡು, ಅಜ್ಜಿಯ ಚಾಪೆಯ ಹತ್ತಿರ ನಿಂತು, ಹಿತ್ತಿಲ ಬಾಗಿಲಿನ ಕಡೆಗೆ ನಡೆದ. ತಾನು ಹುಟ್ಟಿ ಬೆಳೆದ ಮನೆ. ಏಳನೆಯ ಹೆಜ್ಜೆಗೆ ಕಂಬ ಹಣೆಗೆ ಬಡಿಯಿತು. ಟವೆಲ್ ಬಿಚ್ಚದೆ ಹಾಗೇ ಕುಸಿದು ಕೂತ.

ಮಾರನೆಯ ಬೆಳಿಗ್ಗೆ ಉಳಿ ಸುತ್ತಿಗೆ ಹಿಡಿದು ಆ ಹೊಳೆಯುವ ನೆಲವನ್ನು ಕೆತ್ತತೊಡಗಿದ. ಸದ್ದಿಗೆ ಅಮ್ಮ ಒಳಗಿನಿಂದ ಓಡಿ ಬಂದಳು. "ಅಯ್ಯೋ, ಏನ್ರೀ ಇದು! ಮೈ ಮುರಿದು ಮಾಡಿದ ನೆಲ ಕಣ್ರೀ!" ಅಪ್ಪ ತಲೆಯೆತ್ತದೆ, ತಗ್ಗಿದ ದನಿಯಲ್ಲಿ, ಆ ಮಧ್ಯಾಹ್ನ ನಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿದ. ಅಮ್ಮ ಸರ್ರನೆ ಅಡುಗೆಮನೆಗೆ ಹೋದಳು. ಅಳುತ್ತಿದ್ದಾಳೆಂದು ನಾನು ಎಣಿಸಿದೆ. ಅವಳು ಇದ್ದಿಲಿನ ಒಂದು ತುಂಡು ಹಿಡಿದು ಹೊರಗೆ ಬಂದಳು. "ಅಲ್ಲಿ ಕೆತ್ತಬೇಡಿ. ಅತ್ತೆಮ್ಮ ಅಲ್ಲಿ ತಿರುಗಲ್ಲ. ಕಂಬಾನ ಎಡಗೈಲಿ ಮುಟ್ಟಿ, ಆಮೇಲೆ ತಿರುಗ್ತಾರೆ." ಸೊಂಟ ಹಿಡಿದುಕೊಂಡು ಬಗ್ಗಿ, ಚಾಪೆಯಿಂದ ಕಂಬಕ್ಕೆ, ಕಂಬದಿಂದ ಒಲೆಗೆ, ಒಲೆಯಿಂದ ಹಿತ್ತಿಲ ಬಾಗಿಲಿಗೆ, ಹಸುವಿನ ಕಡೆಗೆ ಇನ್ನೊಂದು ಕವಲು, ಹೀಗೆ ಒಂದೇ ಉಸಿರಿಗೆ ಗೆರೆ ಎಳೆದಳು. ಎಲ್ಲೂ ತಡೆದು ಯೋಚಿಸಲಿಲ್ಲ. ಹನ್ನೆರಡು ವರ್ಷ ಅತ್ತೆಯ ನಡಿಗೆಯನ್ನು ಅವಳು ಅಷ್ಟು ಗಮನಿಸಿದ್ದಳೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದು, ಮತ್ತೆ ಉಳಿ ಎತ್ತಿಕೊಂಡ.

"ಯಾಕ್ಲಾ ಒಡೀತಿದ್ದೀಯ?" ಎಂದು ಅಜ್ಜಿ ಜಗಲಿಯಿಂದ ಕೂಗಿದಳು. "ಒಂದ್ ಕಡೆ ಬಿರುಕು ಬಿಟ್ಟೈತೆ ಕಣವ್ವ," ಅಂದ ಅಪ್ಪ.

ಮೂರು ಬೆರಳು ಅಗಲದ ಕಾಲುವೆಯಂತೆ ಕೆತ್ತಿ, ಅದಕ್ಕೆ ಗಾರೆ ತುಂಬಿ, ಹಸಿಯಿರುವಾಗಲೇ ಬಾವಿಯ ಹಳೆಯ ತೆಂಗಿನ ನಾರಿನ ಹಗ್ಗವನ್ನು ಅದರ ಮೇಲೆ ಒತ್ತಿದ. ಮೊದಲನೆಯ ಸಲ ಹಗ್ಗ ಗಾರೆಗೆ ಕಚ್ಚಿಕೊಂಡು, ತೆಗೆಯುವಾಗ ಗಾರೆಯೇ ಹೆಂಟೆಹೆಂಟೆಯಾಗಿ ಎದ್ದು ಬಂತು. ಅಮ್ಮ ಹಗ್ಗವನ್ನು ಎಣ್ಣೆಯಲ್ಲಿ ನೆನೆಸಿಕೊಟ್ಟಳು. ಎರಡನೆಯ ಸಲ ಹಗ್ಗದ ಹುರಿ ಹುರಿಯೂ ಅಚ್ಚಾಗಿ ಕೂತಿತು. ತಿರುವುಗಳಲ್ಲಿ ಬೇರೆ ಗುರುತು ಇರಲಿ ಎಂದು ನಾನು ಕೆರೆಯಂಚಿನಿಂದ ಆಯ್ದು ತಂದ ನುಣುಪುಗಲ್ಲುಗಳನ್ನು ಇಟ್ಟರು: ಒಲೆಯ ಮುಂದೆ ಮೂರು, ಹಿತ್ತಿಲ ಬಾಗಿಲಿಗೆ ಎರಡು. ಅದು ಅಂದವಾಗಿರಲಿಲ್ಲ. ಕೆಂಪು ನೆಲದ ನಡುವೆ ಹೊಲಿಗೆ ಹಾಕಿದ ಗಾಯದ ಹಾಗೆ ಬೂದುಬಣ್ಣದ ಗೆರೆ. ಅಪ್ಪ ಅದರ ಮೇಲೆ ರಸಮಟ್ಟ ಇಟ್ಟು ನೋಡಲಿಲ್ಲ.

ಗಾರೆ ಗಟ್ಟಿಯಾದ ದಿನ ಅಪ್ಪ ಅಜ್ಜಿಯನ್ನು ಚಾಪೆಯ ಹತ್ತಿರ ನಿಲ್ಲಿಸಿ, ಏನೂ ಹೇಳದೆ ಕೈ ಬಿಟ್ಟ. ಅಜ್ಜಿಯ ಹೆಬ್ಬೆರಳು ಹಗ್ಗದ ಗುರುತನ್ನು ಮುಟ್ಟಿತು. ಅಲ್ಲೇ ನಿಂತು ಅಂಗಾಲಿನಿಂದ ಅದನ್ನು ಮುಂದಕ್ಕೂ ಹಿಂದಕ್ಕೂ ಸವರಿದಳು. ಒಂದು ಹೆಜ್ಜೆ. ಇನ್ನೊಂದು. ಕಂಬ ಎಡಗೈಗೆ ಸಿಕ್ಕಿತು. ತಿರುಗಿದಳು. ಆಮೇಲೆ ಅವಳ ಕಾಲು ತಡೆಯಲೇ ಇಲ್ಲ. ಮೂರು ಕಲ್ಲು ಸಿಕ್ಕುವವರೆಗೂ ಹೋದಳು. ಒಲೆಯ ಮುಂದೆ ಕೂತಿದ್ದ ಅಮ್ಮನ ಬೆನ್ನಿಗೆ ಕೈ ತಾಗಿದ್ದೇ, "ಏಳೇ ಅತ್ಲಾಗೆ. ಇಷ್ಟ್ ದಿನ ನಿನ್ನ ಗಂಟ್ ಮುದ್ದೆ ಉಂಡು ಸಾಕಾಗೈತೆ," ಅಂದಳು. ಅಮ್ಮ ನಗುತ್ತಲೇ ಎದ್ದು, ಜಾಗ ಬಿಟ್ಟು, ಗೋಡೆಗೆ ತಿರುಗಿ ಅತ್ತಳು. ಅಪ್ಪ ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಅತ್ತ ಹೋದ. ಊಟವಾದ ಮೇಲೆ ಅಜ್ಜಿ ನನ್ನ ಕಿವಿ ಹಿಡಿದು ಹತ್ತಿರ ಎಳೆದುಕೊಂಡಳು. "ಬಾಯಿ ಬುಟ್ಬುಟ್ಟೆ ಅಲ್ವೇನೇ?" ಅಂದು, ಆ ಕಿವಿಗೇ ಮುತ್ತು ಕೊಟ್ಟಳು.

ಅಜ್ಜಿ ಇನ್ನೂ ಆರು ವರ್ಷ ಇದ್ದಳು. ಕಡೆಯ ಹದಿನೈದು ದಿನ ಬಿಟ್ಟರೆ ಯಾರ ಭುಜವನ್ನೂ ಹಿಡಿಯಲಿಲ್ಲ. ಅವಳು ಆ ಗೆರೆ ಹಿಡಿದು ಬಂದರೆ ನಾವೇ ಗೋಡೆಯ ಕಡೆಗೆ ಸರಿದು ದಾರಿ ಬಿಡುತ್ತಿದ್ದೆವು. ಅವಳು ಹೋದ ಮೇಲೆ, ಬಂದ ನೆಂಟರೆಲ್ಲ ಆ ಗೆರೆ ನೋಡಿ, "ಇಷ್ಟ್ ಚೆಂದದ ನೆಲ, ಅದೊಂದನ್ನ ಮುಚ್ಚಿಬಿಡಿ ಚನ್ನಣ್ಣ," ಅನ್ನುತ್ತಿದ್ದರು. ಅಪ್ಪ ಹೂಂ ಅನ್ನುತ್ತಿದ್ದ, ಮುಚ್ಚುತ್ತಿರಲಿಲ್ಲ. ಸುತ್ತ ಕಾರ್ಖಾನೆಗಳು ಹೆಚ್ಚಿ, ಕೆಲಸಕ್ಕೆ ಬಂದವರಿಗೆ ಮನೆ ಬೇಕಾಗಿ, ಊರಿನ ಎಲ್ಲರಂತೆ ನಾವೂ ಹಳೆಯ ಮನೆ ಕೆಡವಿ ಮೂರು ಅಂತಸ್ತಿನದು ಕಟ್ಟಿದೆವು. ಕೆಡವುವ ದಿನ ಅಪ್ಪ ಊರಲ್ಲಿರಲಿಲ್ಲ. ಏನೋ ಕೆಲಸ ಹಚ್ಚಿಕೊಂಡು ತುಮಕೂರಿಗೆ ಹೋಗಿದ್ದ. ಹೊಸ ಮನೆಗೆ ಅವನು ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಎಲ್ಲ ಕಂಟ್ರಾಕ್ಟರಿನ ಜನವೇ ಮಾಡಿ ಹೋದರು. ನಿಮ್ಮ ಮನೆಯೂ ಹೀಗೇ ಹೋಗಿರಬಹುದು, ಯಾರ ತಪ್ಪೂ ಇಲ್ಲದೆ, ಬೇರೆ ದಾರಿಯೂ ಇಲ್ಲದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಆ ಮನೆಯ ಮೊದಲ ಮಹಡಿಯಲ್ಲಿ ಎಂಟು ವರ್ಷ ಇದ್ದಳು. ಬಿಳಿಯ ಟೈಲ್ಸಿನ ಹಾಲಿನಲ್ಲಿ ಕಾಫಿ ಲೋಟ ಹಿಡಿದು ಬರುತ್ತಿದ್ದವಳು ಒಮ್ಮೊಮ್ಮೆ ನಡುವೆ ನಿಂತು, ಒಂದು ಹೆಜ್ಜೆ ಗೋಡೆಯ ಕಡೆಗೆ ಸರಿಯುತ್ತಿದ್ದಳು. ಎದುರಿನಿಂದ ಯಾರೋ ಬರುತ್ತಿದ್ದಾರೆ, ಅವರು ಮೊದಲು ದಾಟಲಿ ಅನ್ನುವ ಹಾಗೆ. ತುಸು ಹೊತ್ತು ಹಾಗೇ ನಿಂತಿದ್ದು ಮತ್ತೆ ನಡೆಯುತ್ತಿದ್ದಳು. ಅಮ್ಮ ಹೋಗಿ ಈಗ ಮೂರು ವರ್ಷ. ಆ ಹಳೆಯ ಮನೆಯಲ್ಲಿ ಯಾರು ಎಲ್ಲಿ ನಡೆದಾಡುತ್ತಿದ್ದರೆಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ.